ಗಾಳಿ ಅಂತ ಬರೆ

ಪರಿಹಾರದ ಅರ್ಜಿಯ ಒಂಬತ್ತನೇ ಕಾಲಮಿಗೆ ಬಂದಾಗ ಕೈ ನಿಂತಿತು. ‘ರೋಗಕಾರಣಂ’ ಅಂತ ಮಲಯಾಳದಲ್ಲಿ ಅಚ್ಚಾಗಿತ್ತು. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯ ಹತ್ತಿರ ತುಳುವಿನಲ್ಲಿ ಕೇಳಿದೆ, ಮಗಳ ಸೀಕಿಗೆ ಕಾರಣ ಎಂತ ಅಂತ ಬರೆಯಲಿ ಅಂತ. ಅಜ್ಜಿ ಪುತ್ತೂರು ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ರಸ್ತೆ ನೋಡಿದರು. ಆಮೇಲೆ ಹೇಳಿದರು, ‘ಗಾಳಿ ಅಂತ ಬರೆ ಮಗಾ.’

ನಮ್ಮ ಕಡೆ ಗಾಳಿ ಎರಡು ಉಂಟು. ಬೀಸುವ ಗಾಳಿ ಒಂದು, ತಾಗುವ ಗಾಳಿ ಒಂದು. ಎರಡನೆಯದಕ್ಕೆ ಭೂತಕ್ಕೆ ಹರಕೆ ಹೇಳಬೇಕು, ನೂಲು ಕಟ್ಟಿಸಬೇಕು. ಅಜ್ಜಿ ಯಾವುದನ್ನು ಹೇಳಿದರು ಅಂತ ನಾನು ಕೇಳಲಿಲ್ಲ. ಎಂಬತ್ತರ ದಶಕದಲ್ಲಿ ಈ ಊರುಗಳಲ್ಲಿ ತಲೆ ದೊಡ್ಡದಾದ, ಕೈಕಾಲು ಸೊಟ್ಟಗಿನ ಮಕ್ಕಳು ಹುಟ್ಟತೊಡಗಿದಾಗ ಜಟಾಧಾರಿ ದೈವದ ಕೋಪ ಅಂತ ನಂಬಿ ಕೈಮುಗಿದವರು ತುಂಬ ಜನ. ಬೀಸುವ ಗಾಳಿಯ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ರೆಮಿಂಗ್ಟನ್ ಟೈಪ್‌ರೈಟರ್ ಈಗಲೂ ಉಂಟು, ಮಾರಲಿಕ್ಕೆ ಮನಸ್ಸು ಬಂದಿಲ್ಲ. ಮನೆಯಲ್ಲಿ ತುಳು, ಕಲಿತದ್ದು ಕನ್ನಡ, ಹೊಟ್ಟೆಪಾಡಿಗೆ ಮಲಯಾಳ. ನನ್ನ ವ್ಯಾಪಾರ ನಡೆಯುವುದೇ ಈ ಮೂರರ ನಡುವಿನ ಸಂದಿಯಲ್ಲಿ. ಭಾಷಾ ಅಲ್ಪಸಂಖ್ಯಾತರು ಕನ್ನಡದಲ್ಲೇ ಅರ್ಜಿ ಕೊಡಬಹುದು ಅಂತ ಕೇರಳದ 1969ರ ಭಾಷಾ ಕಾನೂನು ಹೇಳುತ್ತದೆ. ಹೇಳಲಿ. ಮಗಳನ್ನು ಹೊತ್ತುಕೊಂಡು ತಿರುಗುವವರಿಗೆ ಹಕ್ಕು ಚಲಾಯಿಸುತ್ತ ಕೂರಲಿಕ್ಕೆ ಪುರುಸೊತ್ತಿಲ್ಲ, ಅವರು ನನ್ನ ಹತ್ತಿರ ಬಂದು ಅರವತ್ತು ರೂಪಾಯಿ ಕೊಟ್ಟು ಮಲಯಾಳದಲ್ಲೇ ಬರೆಸಿಕೊಂಡು ಹೋಗುತ್ತಾರೆ.

ಆ ಕಾಲಮಿನಲ್ಲಿ ನಾನು ‘ಎಂಡೋಸಲ್ಫಾನ್’ ಅಂತ ಬರೆದೆ, ಇಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಬಿಡುತ್ತಿದ್ದ ಕೀಟನಾಶಕದ ಹೆಸರು. ಹತ್ತು ದಿನ ಬಿಟ್ಟು ಅರ್ಜಿ ವಾಪಸು ಬಂತು. ಯಾವ ಆಫೀಸು ಅನ್ನುವುದು ಬೇಡ, ಅಲ್ಲಿ ಕೂತವರೂ ಮೇಲಿನವರು ಹೇಳಿದ್ದನ್ನು ಮಾಡುವವರೇ. ಡಾಕ್ಟರ ಸರ್ಟಿಫಿಕೇಟಿನಲ್ಲಿ ಸೆರೆಬ್ರಲ್ ಪಾಲ್ಸಿ ಅಂತ ಮಾತ್ರ ಉಂಟು, ಕಾರಣ ಬರೆದಿಲ್ಲ, ಅರ್ಜಿದಾರರು ತಾವಾಗಿ ಕಾರಣ ಬರೆಯುವ ಹಾಗಿಲ್ಲ ಅಂತ ಪೆನ್ಸಿಲಿನಲ್ಲಿ ಟಿಪ್ಪಣಿ. ಹಾಗಾದರೆ ಆ ಕಾಲಂ ಯಾರಿಗಾಗಿ ಇಟ್ಟಿದ್ದು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಇದು 2022ರ ಏಪ್ರಿಲ್ ಕೊನೆಯ ಮಾತು. ಅದೇ ವಾರ ಅಮೆರಿಕದ ಯೂಟಾ ರಾಜ್ಯದಲ್ಲಿರುವ ನನ್ನ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ. ಅರ್ಧಕ್ಕೆ ಇಳಿಸಿದ ಬಾವುಟ. ‘ಚಿಕ್ಕಮ್ಮಾ, ಇಲ್ಲಿನ ದೊಡ್ಡ ಸೆನೆಟರ್ ತೀರಿಕೊಂಡರು, ಆಫೀಸಲ್ಲೆಲ್ಲ ಅದೇ ಸುದ್ದಿ’ ಅಂತ ಕೆಳಗೆ ಬರೆದಿದ್ದ. ಹೆಸರು ಓರಿನ್ ಹ್ಯಾಚ್. ನನಗೆ ಗುರುತಿಲ್ಲದ ಹೆಸರು. ಮಧ್ಯಾಹ್ನ ಕರೆಂಟು ಹೋಗಿ ಮೆಷಿನ್ ನಿಂತಿತ್ತು, ಮೊಬೈಲಿನಲ್ಲಿ ಸುಮ್ಮನೆ ಓದುತ್ತಾ ಹೋದೆ. ಎರಡು ಪುಟ ದಾಟುವಷ್ಟರಲ್ಲಿ ಎದ್ದು ಕೂತೆ.

ಮೊದಲು ಆ ಮನುಷ್ಯನ ವಿಷಯ. 1934ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿದವ. ಕಾನೂನು ಓದುವಾಗ ಹೆಂಡತಿ ಮಕ್ಕಳ ಜೊತೆ ಇದ್ದದ್ದು ತಂದೆಯ ಹಿತ್ತಲಿನ ಕೋಳಿಗೂಡನ್ನು ರಿಪೇರಿ ಮಾಡಿದ ಮನೆಯಲ್ಲಿ. 1976ರಲ್ಲಿ ಯೂಟಾದಿಂದ ಚುನಾವಣೆಗೆ ನಿಂತಾಗ ಎದುರಾಳಿ ಹದಿನೆಂಟು ವರ್ಷದಿಂದ ಸೆನೆಟಿನಲ್ಲಿದ್ದ ಫ್ರಾಂಕ್ ಮಾಸ್. ಹದಿನೆಂಟು ವರ್ಷ ಇದ್ದವರನ್ನು ಏನಂತ ಕರೆಯಬೇಕು ಗೊತ್ತಾ, ಮನೆಗೆ ಕರೆಯಬೇಕು ಅಂತ ಹ್ಯಾಚ್ ಭಾಷಣ ಬಿಗಿದು ಗೆದ್ದ. ಗೆದ್ದವ ಕೂತದ್ದು ಎಷ್ಟು ವರ್ಷ ಅಂತ ಕೇಳಿ. ನಲವತ್ತೆರಡು. 1977ರಿಂದ 2019ರ ಜನವರಿವರೆಗೆ. ರಾಜಕಾರಣಿಗಳು ಎಲ್ಲ ದೇಶದಲ್ಲೂ ಒಂದೇ ಗದ್ದೆಯ ಬೆಳೆ ಅಂತ ನಗು ಬಂತು.

ಹ್ಯಾಚ್ ರಿಪಬ್ಲಿಕನ್ ಪಕ್ಷದವ. ಸರಕಾರ ಸಣ್ಣದಿರಬೇಕು, ತೆರಿಗೆ ಕಮ್ಮಿ ಇರಬೇಕು, ಬರುವುದಕ್ಕಿಂತ ಹೆಚ್ಚು ಖರ್ಚು ಮಾಡಬಾರದು ಅಂತ ಸಂವಿಧಾನದಲ್ಲೇ ಬರೆಸಬೇಕು ಅಂತ ವರ್ಷಾನುಗಟ್ಟಲೆ ಹೋರಾಡಿದವ. ನಮ್ಮ ಯಜಮಾನರಿಗೆ ಬಹಳ ಹಿಡಿಸುವ ಜಾತಿ. ಇಂಥವನು ಪರಿಹಾರದ ಹಣ ಹಂಚುವ ಕಾನೂನು ತಂದ ಅಂತ ಓದಿದಾಗ, ಅದೂ ಯಾತಕ್ಕಾಗಿ ಅಂತ ತಿಳಿದಾಗ, ನಾನು ಎದ್ದು ಕೂತದ್ದು.

ಯೂಟಾದ ಪಕ್ಕದ ರಾಜ್ಯ ನೆವಾಡ. ಅಲ್ಲಿನ ಮರುಭೂಮಿಯಲ್ಲಿ 1951ರ ಜನವರಿಯಿಂದ 1962ರವರೆಗೆ ಅಮೆರಿಕ ಸರಕಾರ ಸುಮಾರು ನೂರು ಅಣುಬಾಂಬುಗಳನ್ನು ನೆಲದ ಮೇಲೆಯೇ ಸಿಡಿಸಿ ಪರೀಕ್ಷೆ ಮಾಡಿತು. ಗಾಳಿ ಲಾಸ್ ವೇಗಸ್, ಲಾಸ್ ಏಂಜಲಿಸ್ ಕಡೆ ಬೀಸುವ ದಿನ ಸಿಡಿಸುತ್ತಿರಲಿಲ್ಲ, ಪೂರ್ವಕ್ಕೆ ಬೀಸುವ ದಿನಕ್ಕೆ ಕಾಯುತ್ತಿದ್ದರು. ಪೂರ್ವದಲ್ಲಿ ಇದ್ದದ್ದು ಯೂಟಾದ ಸಣ್ಣ ಸಣ್ಣ ಊರುಗಳು, ಕುರಿ ಸಾಕುವವರು, ಹಾಲು ಕರೆಯುವವರು. ಭಯ ಪಡುವಂಥದ್ದು ಏನೂ ಇಲ್ಲ ಅಂತ ಅಣುಶಕ್ತಿ ಆಯೋಗ ಚಿಕ್ಕ ಪುಸ್ತಕ ಅಚ್ಚು ಹಾಕಿಸಿ ಹಂಚಿತು. ಸಿಡಿತದ ಬೆಳಕು ನೋಡಲಿಕ್ಕೆ ಬೆಳಗಾಗುವ ಮೊದಲೇ ಎದ್ದು ಗುಡ್ಡ ಹತ್ತಿದವರಿದ್ದರಂತೆ.

ಇದನ್ನು ಓದುವಾಗ ನಾನು ಪೆರ್ಲದಲ್ಲಿ ಇರಲಿಲ್ಲ, ಹತ್ತು ವರ್ಷದ ಹುಡುಗಿಯಾಗಿ ನಮ್ಮ ಶಾಲೆಯ ಅಂಗಳದಲ್ಲಿದ್ದೆ. ಹೆಲಿಕಾಪ್ಟರ್ ಶಬ್ದ ಕೇಳಿದರೆ ಮಾಸ್ಟ್ರ ಅಪ್ಪಣೆ ಯಾರಿಗೆ ಬೇಕು, ಸ್ಲೇಟು ಬಿಸಾಡಿ ಹೊರಗೆ ಓಡುತ್ತಿದ್ದೆವು. ಗುಡ್ಡೆಯ ಮೇಲೆ ಸರಕಾರಿ ಗೇರು ತೋಟ, ಗೇರು ಹೂ ಬಿಡುವ ಚಳಿಗಾಲ, ಟೀ ಸೊಳ್ಳೆ ಅನ್ನುವ ಕೀಟಕ್ಕೆ ಮದ್ದು. ಮದ್ದು. ನಾವು ಅದನ್ನು ಕರೆದದ್ದೇ ಹಾಗೆ. ಹೆಲಿಕಾಪ್ಟರಿನ ಬಾಲದಿಂದ ಬಿಳೀ ಮಂಜು ಇಳಿದು ಬರುವುದು, ನಾವು ಕೈ ಬೀಸುವುದು, ಪೈಲಟ್ ಕಂಡ ಅಂತ ಒಬ್ಬೊಬ್ಬರು ಆಣೆ ಹಾಕುವುದು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ. ತೋಟ ಗುಡ್ಡೆಯ ತಲೆಯಲ್ಲಿ, ಮನೆಗಳು ಬುಡದಲ್ಲಿ. ನಮ್ಮದು ಸುರಂಗದ ನೀರು ಕುಡಿಯುವ ಊರು, ಗುಡ್ಡೆಯ ಹೊಟ್ಟೆ ಕೊರೆದು ಒಳಗಿಂದ ತರುವ ನೀರು. ಮೇಲೆ ಬಿದ್ದದ್ದೆಲ್ಲ ಮಳೆಗೆ ಕರಗಿ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಬಂತು.

ಮೊದಲು ತಿಳಿದದ್ದು ಪ್ರಾಣಿಗಳಿಗೆ. ನಮ್ಮಲ್ಲಿ ಕೈಕಾಲು ಸರಿಯಿಲ್ಲದ ಕರುಗಳು ಹುಟ್ಟಿದ್ದನ್ನು ನೋಡಿ ಮೊದಲು ಬರೆದವರು ವಾಣೀನಗರದ ಪತ್ರಕರ್ತ ಶ್ರೀಪಡ್ರೆ. ಅದೇ ವಾಣೀನಗರದ ಡಾಕ್ಟರ್ ಮೋಹನ ಕುಮಾರ್, ಇಷ್ಟು ಸಣ್ಣ ಊರಲ್ಲಿ ಇಷ್ಟು ವಿಚಿತ್ರ ಕಾಯಿಲೆ ಹೇಗೆ ಅಂತ ತಲೆ ಕೆಡಿಸಿಕೊಂಡು ಲೆಕ್ಕ ಇಡತೊಡಗಿದರು. ಯೂಟಾದಲ್ಲಿ 1953ರ ವಸಂತದಲ್ಲಿ ಸಾವಿರಾರು ಕುರಿಗಳು ಬಿದ್ದು ಸತ್ತವು, ಹುಟ್ಟಿದ ಮರಿಗಳು ಬದುಕಲಿಲ್ಲ. ಕುರಿ ಸಾಕುವವರು ಕೋರ್ಟಿಗೆ ಹೋದರು. ಮೇವು ಸಾಲದೆ ಸತ್ತದ್ದು ಅಂತ ಸರಕಾರಿ ವಿಜ್ಞಾನಿಗಳು ಸಾಕ್ಷಿ ಹೇಳಿದರು, 1956ರಲ್ಲಿ ಕೇಸು ಬಿದ್ದುಹೋಯಿತು. ಈ ಕೇಸಿನ ಬಾಲ ಉದ್ದ ಉಂಟು: ತೀರ್ಪು ಕೊಟ್ಟ ಕ್ರಿಸ್ಟೆನ್ಸನ್ ಎಂಬ ಅದೇ ನ್ಯಾಯಾಧೀಶರು ಇಪ್ಪತ್ತಾರು ವರ್ಷ ಬಿಟ್ಟು, 1982ರಲ್ಲಿ, ಸರಕಾರ ಆವತ್ತು ಕೋರ್ಟಿಗೆ ಮೋಸ ಮಾಡಿತ್ತು ಅಂತ ಹೇಳಿ ಕೇಸನ್ನು ಪುನಃ ತೆರೆಯಲು ಹೊರಟರು. ಮರುವರ್ಷ ಮೇಲಿನ ಕೋರ್ಟು ಅದನ್ನೂ ಹೊಡೆದುಹಾಕಿತು. ತನ್ನ ತೀರ್ಪು ತಪ್ಪಿನ ಮೇಲೆ ನಿಂತದ್ದು ಅಂತ ಮುದಿ ವಯಸ್ಸಿನಲ್ಲಿ ಬಾಯಿ ಬಿಟ್ಟು ಹೇಳಿದ ಆ ಮನುಷ್ಯನನ್ನು ನೆನೆದು ನನಗೆ ಎರಡು ದಿನ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಆಮೇಲೆ ಮನುಷ್ಯರ ಸರದಿ. ರಕ್ತದ ಕ್ಯಾನ್ಸರು, ಥೈರಾಯ್ಡ್ ಕ್ಯಾನ್ಸರು. ಅವರಿಗೆ ಒಂದು ಹೆಸರು ಬಂತು, ಡೌನ್‌ವಿಂಡರ್ಸ್. ಗಾಳಿ ಹೋಗುವ ದಿಕ್ಕಿನಲ್ಲಿ ಮನೆ ಕಟ್ಟಿಕೊಂಡವರು. ಓದಿದ ಕೂಡಲೇ ನನಗೆ ಅಜ್ಜಿ ನೆನಪಾದರು. ಅವರು ಹೇಳಿದ್ದೂ ಅದನ್ನೇ ಅಲ್ಲವಾ!

ಸಾವಿರಕ್ಕೂ ಹೆಚ್ಚು ಜನ ಸೇರಿ ಹಾಕಿದ ಕೇಸಿನಲ್ಲಿ ಇಪ್ಪತ್ತನಾಲ್ಕು ಜನರದ್ದನ್ನು ಮಾದರಿಯಾಗಿ ವಿಚಾರಣೆ ಮಾಡಿ, 1984ರಲ್ಲಿ ನ್ಯಾಯಾಧೀಶ ಬ್ರೂಸ್ ಜೆಂಕಿನ್ಸ್ ಹತ್ತು ಜನರ ಪರವಾಗಿ ತೀರ್ಪು ಕೊಟ್ಟರು. 1987ರಲ್ಲಿ ಅದೂ ಬಿತ್ತು. ಬಾಂಬು ಪರೀಕ್ಷೆ ಸರಕಾರದ ನೀತಿ ನಿರ್ಧಾರ, ನೀತಿ ನಿರ್ಧಾರದ ಮೇಲೆ ನಷ್ಟ ಪರಿಹಾರದ ದಾವೆ ನಡೆಯುವುದಿಲ್ಲ ಅಂತ. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಕೊಡುವುದಿದ್ದರೆ ಸಂಸತ್ತೇ ಕೊಡಬೇಕು, ಬೇರೆ ಬಾಗಿಲಿಲ್ಲ ಅಂತಾಯಿತು.

ಹ್ಯಾಚ್ ಆ ಬಾಗಿಲು ತಟ್ಟಲು ಶುರು ಮಾಡಿ ಆಗಲೇ ಏಳೆಂಟು ವರ್ಷವಾಗಿತ್ತು. 1981ರಲ್ಲಿ ತಂದ ಮಸೂದೆ ಪಾಸಾಗಲಿಲ್ಲ. ಆಗ ಒಂದು ಉಪಾಯ ಮಾಡಿದ. ಅಪರೂಪದ ಕಾಯಿಲೆಗಳ ಔಷಧಿಗೆ ಸಂಬಂಧಪಟ್ಟ ಬೇರೊಂದು ಕಾನೂನಿನ ಒಳಗೆ ಎರಡು ವಾಕ್ಯ ಸೇರಿಸಿದ. ಒಂದು, ಇಂತಿಷ್ಟು ವಿಕಿರಣ ತಾಗಿದವನಿಗೆ ಇಂಥ ಕ್ಯಾನ್ಸರ್ ಬಂದರೆ ಅದು ವಿಕಿರಣದಿಂದಲೇ ಬಂದಿರುವ ಸಂಭವ ನೂರಕ್ಕೆ ಎಷ್ಟು ಅಂತ ಸರಕಾರಿ ವಿಜ್ಞಾನಿಗಳು ಕೋಷ್ಟಕ ಮಾಡಿ ಕೊಡಬೇಕು. ಎರಡು, ಬಾಂಬಿನಿಂದ ಗಾಳಿಯಲ್ಲಿ ಹೋದ ವಿಕಿರಣದ ಅಯೋಡಿನ್ ಯಾರ ಥೈರಾಯ್ಡಿಗೆ ಎಷ್ಟು ತಾಗಿತು ಅಂತ ಲೆಕ್ಕ ಹಾಕಬೇಕು. ಕೋಷ್ಟಕ 1985ಕ್ಕೆ ಬಂತು. ಎರಡನೇ ಲೆಕ್ಕ ಹೊರಗೆ ಬರುವಾಗ 1997. ಸರಕಾರಿ ಲೆಕ್ಕದ ಆಮೆನಡಿಗೆ ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿ.

ಕೊನೆಗೆ 1990ರಲ್ಲಿ, ಎದುರು ಪಕ್ಷದ ವೇಯ್ನ್ ಓವೆನ್ಸ್ ಕೆಳಮನೆಯಲ್ಲಿ, ಹ್ಯಾಚ್ ಮೇಲ್ಮನೆಯಲ್ಲಿ ಹೆಗಲು ಕೊಟ್ಟು ಮಸೂದೆ ಪಾಸು ಮಾಡಿಸಿದರು. ಅಕ್ಟೋಬರ್ 15ಕ್ಕೆ ಅಧ್ಯಕ್ಷ ಬುಷ್ ಸಹಿ ಹಾಕಿದರು. ಗಾಳಿಯ ದಾರಿಯಲ್ಲಿದ್ದು ಕ್ಯಾನ್ಸರ್ ಬಂದವರಿಗೆ 50,000 ಡಾಲರ್, ಪರೀಕ್ಷೆಯ ಜಾಗದಲ್ಲೇ ಇದ್ದವರಿಗೆ 75,000, ಬಾಂಬಿಗೆ ಯುರೇನಿಯಂ ಅಗೆದ ಗಣಿ ಕೆಲಸದವರಿಗೆ 1,00,000. ದೇಶದ ಪರವಾಗಿ ಸಂಸತ್ತು ನಿಮ್ಮ ಕ್ಷಮೆ ಕೇಳುತ್ತದೆ ಅಂತ ಕಾನೂನಿನ ಒಳಗೇ ಬರೆದಿದ್ದಾರೆ.

ನನ್ನ ಕಣ್ಣು ಹೋದದ್ದು ಹಣದ ಮೇಲಲ್ಲ, ಕ್ಷಮೆಯ ಮೇಲೂ ಅಲ್ಲ. ಅರ್ಜಿ ಬರೆಯುವವಳ ಕಣ್ಣು ಕಾಲಮುಗಳ ಮೇಲೆಯೇ ಹೋಗುವುದು. ಆಗಿನ ನಿಯಮದಲ್ಲಿ ಕೇಳುತ್ತಿದ್ದದ್ದು: ಇಂತಿಂಥ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಭಾಗದಲ್ಲಿ, ಈ ತಾರೀಕಿನಿಂದ ಆ ತಾರೀಕಿನ ಒಳಗೆ ಎರಡು ವರ್ಷ ಇದ್ದಿರಾ, ಪಟ್ಟಿಯಲ್ಲಿರುವ ಕಾಯಿಲೆಗಳಲ್ಲಿ ಒಂದು ನಿಮಗೆ ಬಂದಿದೆಯಾ. ಇಷ್ಟೇ. ಬಾಂಬಿನಿಂದಲೇ ಬಂತು ಅಂತ ತೋರಿಸಬೇಕಾಗಿಲ್ಲ. ಇದ್ದದ್ದಕ್ಕೆ ಒಂದು ಕಾಗದ, ಕಾಯಿಲೆಗೆ ಒಂದು ಕಾಗದ, ಉಳಿದದ್ದನ್ನು ಕಾನೂನೇ ಒಪ್ಪಿಕೊಳ್ಳುತ್ತದೆ. ಆ ಕಾನೂನಿನಲ್ಲಿ ಒಂಬತ್ತನೇ ಕಾಲಂ ಇಲ್ಲ.

ಇದನ್ನು ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ‘ಅಣುಬಾಂಬಿಗೂ ಗೇರುಬೀಜಕ್ಕೂ ಎಂತ ಹೋಲಿಕೆ ಮಾರಾಯ್ತಿ’ ಅಂದರು. ಅಷ್ಟಕ್ಕೇ ಬಿಡದೆ, ಕಾರಣ ಕೇಳದೆ ಹಣ ಕೊಟ್ಟರೆ ನಾಳೆ ನಿನ್ನ ಅಂಗಡಿ ಮುಂದೆ ಕುಂಬಳೆವರೆಗೆ ಕ್ಯೂ ನಿಲ್ಲುತ್ತದೆ ಅಂತ ಉಪ್ಪಿನಕಾಯಿ ನೆಕ್ಕಿಕೊಂಡರು. ಆ ಮಾತಿಗೆ ನಾನು ಥಟ್ಟನೆ ಉತ್ತರ ಕೊಡಲಿಲ್ಲ, ಯಾಕೆಂದರೆ ಅದರಲ್ಲಿ ಸ್ವಲ್ಪ ನಿಜ ಉಂಟು. ವರ್ಷಗಟ್ಟಲೆ ಕುಡಿದು ಲಿವರ್ ಹಾಳು ಮಾಡಿಕೊಂಡವರೊಬ್ಬರು, ಹೆಲಿಕಾಪ್ಟರ್ ಕಾಲದಲ್ಲಿ ಬೊಂಬಾಯಿ ಹೋಟೆಲಿನಲ್ಲಿ ಇದ್ದವರು, ನನ್ನ ಕೈಯಲ್ಲೇ ಅರ್ಜಿ ಬರೆಸಿದ್ದಾರೆ. ಬರೆದುಕೊಟ್ಟೆ. ಅರವತ್ತು ರೂಪಾಯಿ ತೆಗೆದುಕೊಂಡೆ. ಆ ಕ್ಷಣಕ್ಕೆ ನನಗೂ ಯಾಕೆ ಬೇಕು ಅನಿಸಿತ್ತು.

ಆದರೆ ಕೈಯ ತೊಳೆದುಕೊಂಡು ಬಂದ ಮೇಲೆ ಯೋಚಿಸಿದೆ. ಹ್ಯಾಚನ ಕಾನೂನಿನಲ್ಲೂ ಬಾಂಬು ಇಲ್ಲದಿದ್ದರೂ ಕ್ಯಾನ್ಸರ್ ಬರುತ್ತಿದ್ದ ಜನರಿಗೆ ದುಡ್ಡು ಹೋಗಿಯೇ ಹೋಗಿರಬೇಕು. ಒಬ್ಬೊಬ್ಬರ ಒಳಗೆ ಹೊಕ್ಕು ಯಾವ ಗಂಟು ಯಾವುದರಿಂದ ಅಂತ ಬೇರ್ಪಡಿಸಿ ಹೇಳಲಿಕ್ಕೆ ಯಾವ ವಿಜ್ಞಾನಕ್ಕೂ ಆಗುವುದಿಲ್ಲ, ಕೋಷ್ಟಕ ಮಾಡಿಸಿದವನಿಗೆ ಅದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಪೈಸೆ ಪೈಸೆ ಲೆಕ್ಕ ಹಾಕುವ ಮನುಷ್ಯ ಈ ಒಂದು ಕಡೆ ಲೆಕ್ಕ ಬಿಟ್ಟ. ವಿಷ ಹಾಕಿದ್ದು ಸರಕಾರ, ದಾಖಲೆ ಬಚ್ಚಿಟ್ಟದ್ದು ಸರಕಾರ, ಪುರಾವೆ ತರಬೇಕಾದ್ದು ಮಾತ್ರ ಮಲಗಿದವರಾ ಅನ್ನುವಲ್ಲಿಗೆ ಅವನ ಜಿಪುಣತನ ನಿಂತಿತು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ನೆರೆ ಬಂದಾಗ ಈ ಪ್ರಶ್ನೆಯೇ ಏಳುವುದಿಲ್ಲ ನೋಡಿ. 2018ರ ನೆರೆಯಲ್ಲಿ ತೆಂಕಣ ಜಿಲ್ಲೆಗಳ ಮನೆ ಮನೆಗೆ ತುರ್ತಿಗೆ ಹತ್ತು ಸಾವಿರ ಕೊಟ್ಟರು, ಈ ನೀರು ಯಾವ ಮೋಡದ್ದು ಅಂತ ಯಾರೂ ಕೇಳಲಿಲ್ಲ. ಮಳೆಯ ಮೇಲೆ ತಪ್ಪು ಹೊರಿಸಿದರೆ ಯಾರ ಕುರ್ಚಿಯೂ ಅಲ್ಲಾಡುವುದಿಲ್ಲ.

ಹ್ಯಾಚನನ್ನು ದೇವರ ಕೋಣೆಯಲ್ಲಿ ಇಡುವುದು ಬೇಡ. 1990ರ ಕಾನೂನಿನಲ್ಲಿ ಗಣಿ ಕೆಲಸದವರಿಗೆ ಹಾಕಿದ ಕಟ್ಟುಪಾಡು ಕೇಳಿದರೆ ಸಿಟ್ಟು ಬರುತ್ತದೆ. ಗಣಿಯಲ್ಲಿ ಸತ್ತವರಲ್ಲಿ ನವಾಹೋ ಬುಡಕಟ್ಟಿನವರು ಬಹಳ. ಅವರ ಮದುವೆ ಅವರ ಸಂಪ್ರದಾಯದಂತೆ ಆದದ್ದು, ವಿಧವೆಯರ ಹತ್ತಿರ ಮದುವೆಯ ಲೈಸೆನ್ಸು ಕೇಳಿದರೆ ಎಲ್ಲಿಂದ ತರುವುದು? ಬೀಡಿ ಸಿಗರೇಟು ಸೇದಿದ್ದರೆ ಇನ್ನೂ ಹೆಚ್ಚು ವಿಕಿರಣ ತಾಗಿದ್ದಕ್ಕೆ ಲೆಕ್ಕ ಕೊಡಬೇಕಿತ್ತು. ಇದನ್ನೆಲ್ಲ ತಿದ್ದಲು ಹತ್ತು ವರ್ಷ ಬೇಕಾಯಿತು. 2000ದ ತಿದ್ದುಪಡಿಯನ್ನೂ ತಂದವ ಹ್ಯಾಚನೇ, ಬುಡಕಟ್ಟಿನವರ ರೂಢಿ ಪದ್ಧತಿಗಳನ್ನು ಗಣನೆಗೆ ತೆಗೆದುಕೊಳ್ಳಬೇಕು ಅಂತ ಅದರಲ್ಲಿ ಸೇರಿತು. ಅದೇ ವರ್ಷ ಇನ್ನೊಂದು ಚಂದ ಆಯಿತು. ನಿಧಿಯ ಹಣ ಮುಗಿಯಿತು. ನಿಮ್ಮ ಅರ್ಜಿ ಮಂಜೂರಾಗಿದೆ, ಆದರೆ ಹಣ ಇಲ್ಲ, ಬಂದಾಗ ಕೊಡುತ್ತೇವೆ ಅಂತ ಸಾಯುತ್ತಿರುವವರಿಗೆ ಕಾಗದ ಹೋಯಿತು. ಅಂಥ ಕಾಗದ ನಾನೂ ಓದಿ ಹೇಳಿದ್ದುಂಟು, ಮಲಯಾಳದಲ್ಲಿ.

ಮತ್ತೆ ಆ ಗಡಿ. ಯೂಟಾದ 29 ಕೌಂಟಿಗಳಲ್ಲಿ ಪರಿಹಾರಕ್ಕೆ ಸೇರಿದ್ದು ಹತ್ತು. ಗೆರೆಯ ಈಚೆ ಇದ್ದವನಿಗೆ 50,000, ಆಚೆ ಇದ್ದವನಿಗೆ ಸೊನ್ನೆ. ಗೆರೆ ನೋಡಿ ಅಲ್ಲ, ವಿಜ್ಞಾನದ ಲೆಕ್ಕ ನೋಡಿ ಕೊಡಬೇಕು ಅಂತ 2005ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯೇ ಹೇಳಿತು. ನಮ್ಮಲ್ಲಿ ಅದರ ಹೆಸರು ‘ಹನ್ನೊಂದು ಪಂಚಾಯತು’. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಅಂತ ಹೋಗುತ್ತದೆ ಪಟ್ಟಿ. ನನ್ನ ತವರು ಮನೆಗೂ ಎಣ್ಮಕಜೆಗೂ ನಡುವೆ ಒಂದು ತೋಡು, ಬೇಸಗೆಯಲ್ಲಿ ಪಾದ ಒದ್ದೆಯಾಗದೆ ದಾಟಬಹುದು. ಹೆಲಿಕಾಪ್ಟರ್ ತೋಡು ನೋಡಿ ತಿರುಗಿದ್ದು ನಾನಂತೂ ಕಂಡಿಲ್ಲ.

50,000 ಡಾಲರ್ 1990ರಲ್ಲೂ 50,000, 2024ರಲ್ಲೂ 50,000. ನಮ್ಮ ಐದು ಲಕ್ಷದ ಕಥೆಯೂ ಅದೇ. 2010ರ ಕೊನೆಯ ದಿನ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ತೀರಿಹೋದವರ ಮನೆಯವರಿಗೆ ಮತ್ತು ಹಾಸಿಗೆ ಹಿಡಿದವರಿಗೆ ಐದು ಲಕ್ಷ ಅಂತ ಶಿಫಾರಸು ಮಾಡಿತು. 2011ರ ಮೇ 13ಕ್ಕೆ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೇ ನಿಲ್ಲಿಸಿತು. 2017ರ ಜನವರಿ 10ಕ್ಕೆ ಅದೇ ಕೋರ್ಟು, ಮೂರು ತಿಂಗಳೊಳಗೆ ಎಲ್ಲ ಸಂತ್ರಸ್ತರಿಗೂ ಐದೈದು ಲಕ್ಷ ಕೊಡಿ ಅಂತ ರಾಜ್ಯ ಸರಕಾರಕ್ಕೆ ಆದೇಶ ಮಾಡಿತು. ಆಯೋಗ ಹೇಳಿದಾಗ ಒಂದು ಪವನು, ಅಂದರೆ ಎಂಟು ಗ್ರಾಂ, ಚಿನ್ನಕ್ಕೆ ಹದಿನೈದು ಸಾವಿರದ ಆಸುಪಾಸು. 2022ಕ್ಕೆ ಮೂವತ್ತೇಳು ಸಾವಿರ ದಾಟಿತ್ತು. ಮೂವತ್ತಮೂರು ಪವನಿನ ದುಡ್ಡು ಕಾಯುತ್ತಾ ಕಾಯುತ್ತಾ ಹದಿಮೂರು ಪವನಾಯಿತು. ಅದಾದರೂ ಕೈಗೆ ಬಂತಾ? ಹ್ಯಾಚ್ ತೀರಿಕೊಂಡು ಒಂದು ತಿಂಗಳಾಗುವ ಮೊದಲೇ, ಆ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಲೆಕ್ಕ ಹೊರಗೆ ಬಿತ್ತು. 3,704 ಜನರಲ್ಲಿ ಐದು ಲಕ್ಷ ಸಿಕ್ಕಿದ್ದು ಎಂಟು ಜನರಿಗೆ. ಆ ಎಂಟು ಜನ ಯಾರು ಅಂದರೆ, ಆದೇಶ ಪಾಲಿಸಿಲ್ಲ ಅಂತ ಪುನಃ ಕೋರ್ಟಿಗೆ ಹೋದವರು. ಕೋರ್ಟು ಗದರಿದ ಮೇಲೆ ಉಳಿದವರ ಖಾತೆಗೂ ಬೀಳತೊಡಗಿತು.

ಪಟ್ಟಿಯಿಂದ ಹೊರಗೆ ಉಳಿದವರು ಬೇರೆಯೇ. 2017ರ ವೈದ್ಯಕೀಯ ಶಿಬಿರದಲ್ಲಿ ಗುರುತಿಸಿ ಆಮೇಲೆ ಕೈಬಿಟ್ಟ 1,031 ಜನರ ಪರವಾಗಿ ತಾಯಂದಿರು ಕಾಞಂಗಾಡಿನಲ್ಲಿ ರಸ್ತೆ ಬದಿ ಕೂತರು. ನಮ್ಮ ಅಜ್ಜಿಯೂ ಒಂದು ದಿನ ಹೋಗಿದ್ದರು, ಮಗಳನ್ನು ನೆರೆಮನೆಯವರಿಗೆ ಒಪ್ಪಿಸಿ.

ಇನ್ನೊಂದು ಹೇಳಿ ಹ್ಯಾಚನನ್ನು ಬಿಡುತ್ತೇನೆ. 1997ರಲ್ಲಿ ತನಗೆ ಪೂರ್ತಿ ವಿರುದ್ಧ ದಿಕ್ಕಿನ ಟೆಡ್ ಕೆನಡಿ ಜೊತೆ ಸೇರಿ, ಸಿಗರೇಟಿನ ಮೇಲೆ ತೆರಿಗೆ ಹಾಕಿಸಿ, ಬಡಮಕ್ಕಳ ಆರೋಗ್ಯ ವಿಮೆಯ ಯೋಜನೆ ತಂದವನೂ ಅವನೇ. ಇಪ್ಪತ್ತು ವರ್ಷ ಬಿಟ್ಟು, 2017ರ ಕೊನೆಯಲ್ಲಿ, ಆ ಯೋಜನೆಯ ಹಣದ ಅವಧಿ ಮುಗಿದು ಎರಡು ತಿಂಗಳಾದಾಗ, ದೇಶದ ಹತ್ತಿರ ಈಗ ಹಣ ಇಲ್ಲ ಅಂತ ಸೆನೆಟಿನಲ್ಲಿ ನಿಂತು ಹೇಳಿದವನೂ ಅವನೇ. ಅದೇ ದಿನಗಳಲ್ಲಿ ಹಣಕಾಸು ಸಮಿತಿಯ ಅಧ್ಯಕ್ಷನಾಗಿ ಹೆಚ್ಚುಕಮ್ಮಿ ಒಂದೂವರೆ ಲಕ್ಷ ಕೋಟಿ ಡಾಲರಿನ ತೆರಿಗೆ ಕಡಿತ ಪಾಸು ಮಾಡಿಸುತ್ತಿದ್ದ. ಮರು ತಿಂಗಳು ಮಕ್ಕಳ ಯೋಜನೆಗೆ ಆರು ವರ್ಷದ ಹಣ ಸಿಕ್ಕಿತು ಅನ್ನಿ. ಹದಿನೆಂಟು ವರ್ಷಕ್ಕೆ ಮನೆಗೆ ಹೋಗಬೇಕು ಅಂದಿದ್ದ ಮಾತು ತನಗೂ ಅನ್ವಯ ಮಾಡಿಕೊಂಡಿದ್ದರೆ ಈ ದಿನ ನೋಡಬೇಕಿರಲಿಲ್ಲ. ಆದರೆ ಹಾಗೆ 1995ಕ್ಕೆ ಮನೆಗೆ ಹೋಗಿದ್ದರೆ 2000ದ ತಿದ್ದುಪಡಿಯನ್ನು ಯಾರು ತರುತ್ತಿದ್ದರು? ಈ ಎರಡು ವಾಕ್ಯ ನನ್ನ ತಲೆಯಲ್ಲಿ ಒಂದಕ್ಕೊಂದು ಜಗಳವಾಡುತ್ತಲೇ ಇವೆ.

ಅವನು ಸತ್ತ ಮೇಲೆ ಪರಿಹಾರದ ಕಾನೂನೂ ಸತ್ತಿತು. 2024ರ ಜೂನಿನಲ್ಲಿ ಅವಧಿ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ಅಷ್ಟರೊಳಗೆ 40,000ಕ್ಕೂ ಹೆಚ್ಚು ಅರ್ಜಿಗಳಿಗೆ ಸುಮಾರು 260 ಕೋಟಿ ಡಾಲರ್ ಹೋಗಿತ್ತು. ಕಳೆದ ವರ್ಷ, 2025ರ ಜುಲೈ 4ಕ್ಕೆ, ಬೇರೊಂದು ದೊಡ್ಡ ಮಸೂದೆಯ ಹೊಟ್ಟೆಯೊಳಗೆ ಕೂತು ಅದು ಪುನಃ ಎದ್ದು ಬಂತು. ಈ ಸಲ ಹಟ ಹಿಡಿದವ ಮಿಸೌರಿಯ ಜಾಶ್ ಹಾಲಿ. ಮೊತ್ತ ಒಂದು ಲಕ್ಷ ಡಾಲರ್, ಹತ್ತು ಕೌಂಟಿ ಹೋಗಿ ಇಡೀ ಯೂಟಾ.

ಅಕ್ಕನ ಮಗ ಬಾಡಿಗೆಗಿರುವ ಮನೆಯ ಯಜಮಾನಿಗೆ ಎಪ್ಪತ್ತಾರು ವರ್ಷ. ಹುಟ್ಟಿ ಬೆಳೆದದ್ದೆಲ್ಲ ಸಾಲ್ಟ್ ಲೇಕ್ ಸಿಟಿಯಲ್ಲಿ, ಅಂದರೆ ಹಳೇ ಗೆರೆಯ ಹೊರಗೆ. ಸ್ತನದ ಕ್ಯಾನ್ಸರ್ ಆಪರೇಷನ್ ಆಗಿ ಬದುಕಿದವರು. ಅರ್ಜಿ ತುಂಬಿಸಲು ಇವನನ್ನು ಕರೆದಿದ್ದಾರೆ. ಭಾನುವಾರ ಫೋನು ಮಾಡಿದ. ‘ಚಿಕ್ಕಮ್ಮಾ, ನೀವು ಅಲ್ಲಿ ಜನರ ಹತ್ತಿರ ಮೊದಲು ಎಂತ ಕೇಳ್ತೀರಿ?’

‘ಶಾಲೆಯ ಸರ್ಟಿಫಿಕೇಟು,’ ಅಂದೆ. ‘ಇದ್ದ ಊರಿಗೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ.’

ಅವನು ನಕ್ಕ. ಅಟ್ಟದ ಪೆಟ್ಟಿಗೆಯಲ್ಲಿ ಅವರ 1959ರ ಮಾರ್ಕ್ ಕಾರ್ಡು ಸಿಕ್ಕಿದೆಯಂತೆ, ಗಣಿತದಲ್ಲಿ ಕಮ್ಮಿ. ನಾನು ಒಂದೊಂದೇ ಕಾಲಂ ಓದಲಿಕ್ಕೆ ಹೇಳಿದೆ. ಹೆಸರು, ವಿಳಾಸ, ಇದ್ದ ಊರು, ವರ್ಷ, ಕಾಯಿಲೆ, ಆಸ್ಪತ್ರೆಯ ದಾಖಲೆ. ಮತ್ತೆ? ಮತ್ತೆ ಸಹಿ ಅಂದ. ನಡುವೆ ಕಾರಣ ಅಂತ ಏನಾದರೂ? ಇಲ್ಲ ಚಿಕ್ಕಮ್ಮಾ.

ಮೊನ್ನೆ ಗುರುವಾರ ಅಜ್ಜಿ ಬಂದರು. ಹಳೇ ಅರ್ಜಿ ಇನ್ನೂ ಜೀವದಲ್ಲಿದೆ, ಅದಕ್ಕೆ ಹೊಸ ಕಾಗದ ಬಂದಿದೆ. ಬಿಡಿಸಿ ಓದಿದೆ. ಮದ್ದು ಬಿಡುತ್ತಿದ್ದ ಕಾಲದಲ್ಲಿ ಮಗಳು ಇದೇ ಊರಿನಲ್ಲಿ ವಾಸವಿದ್ದಳು ಅನ್ನುವುದಕ್ಕೆ ಶಾಲೆಯ ಪ್ರವೇಶ ದಾಖಲೆಯ ಪ್ರತಿ ಹಾಜರುಪಡಿಸಬೇಕು. ಎರಡು ಸಲ ಓದಿದೆ. ಅಜ್ಜಿ ನನ್ನ ಮುಖ ನೋಡುತ್ತಿದ್ದರು. ಅವರ ಮಗಳಿಗೆ ಈಗ ನಲವತ್ತು. ಹುಟ್ಟಿದ್ದು ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಕೂರಲಿಕ್ಕೆ ಆಗುವುದಿಲ್ಲ, ಮಾತಿಲ್ಲ.

‘ಎಂತ ಕೇಳ್ತಾರೆ?’ ಅಂದರು ಅಜ್ಜಿ.

‘ಅವಳು ಶಾಲೆಗೆ ಹೋದ ಕಾಗದ.’

ಅಜ್ಜಿ ಸಿಟ್ಟಾಗಲಿಲ್ಲ. ಚೀಲದಿಂದ ಎಲೆಯಡಿಕೆ ತೆಗೆದು, ಅಂಗಡಿಯೊಳಗೆ ಜಗಿಯಬಾರದು ಅಂತ ನೆನಪಾಗಿ ಪುನಃ ಒಳಗಿಟ್ಟರು. ನಾನು ಕಂಪ್ಯೂಟರ್ ಹಾಕಿ ಮಲಯಾಳದಲ್ಲಿ ಬರೆಯಲಿಕ್ಕೆ ಶುರು ಮಾಡಿದೆ. ಅರ್ಜಿದಾರಳ ಮಗಳು ಹುಟ್ಟಿದಂದಿನಿಂದ ಈವರೆಗೆ, ಆಸ್ಪತ್ರೆಗೆ ಎತ್ತಿಕೊಂಡು ಹೋದ ದಿನಗಳನ್ನು ಬಿಟ್ಟು, ಮೇಲ್ಕಂಡ ವಿಳಾಸದ ಮನೆಯ ಚಾವಡಿಯಿಂದ ಹೊರಗೆ ಹೋದವಳಲ್ಲ. ಆದ್ದರಿಂದ ಆಕೆ ಶಾಲೆಗೂ ಹೋಗಿಲ್ಲ, ಬೇರೆ ಊರಿಗೂ ಹೋಗಿಲ್ಲ. ಇದನ್ನೇ ವಾಸದ ಪುರಾವೆಯಾಗಿ ಸ್ವೀಕರಿಸಬೇಕಾಗಿ ವಿನಂತಿ.

ಎರಡು ಪ್ರತಿ ತೆಗೆದೆ. ಹೆಬ್ಬೆಟ್ಟಿಗೆ ಶಾಯಿಯ ಪ್ಯಾಡು ಒಣಗಿತ್ತು, ಎರಡು ಹನಿ ನೀರು ಬಿಟ್ಟು ಮುಂದೆ ಇಟ್ಟೆ.